ಎಡಗಡೆಯ ಮುಂದಿನ ಗಾಲಿ

ಮೊದಲಿಗೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಕಾರಿನ ಕಥೆಯನ್ನು ಕಾರು ಬಲ್ಲವರು ಹೇಳಬೇಕು. ಇದನ್ನು ಹೇಳುತ್ತಿರುವವನಿಗೆ ಸೈಕಲ್ಲಿನ ಪಂಕ್ಚರ್ ತಿದ್ದಲೂ ಬರುವುದಿಲ್ಲ. ಅದರ ಮೇಲೆ ಇದು ಇನ್ನೊಬ್ಬರ ಮನೆಯ ಮದುವೆಯ ದಿನದ ಸಂಗತಿ. ಆದರೂ ಟಿಕೋಟಾದ ಕಡೆ ಇದನ್ನು ಬಂಗಾರ ಕಳೆದ ಕಥೆ ಎಂದು ಹೇಳುತ್ತ ಬಂದಿದ್ದಾರೆ. ಬಂಗಾರ ಇರಲೇ ಇಲ್ಲ. ಇದ್ದದ್ದು ಒಂದು ಗಾಲಿ. ಅಷ್ಟನ್ನು ಸರಿಪಡಿಸುವುದಕ್ಕಾದರೂ ಯಾರಾದರೂ ಬಾಯಿ ಬಿಡಬೇಕಾಗಿತ್ತು. ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಲಿ.

ಅಲ್ಲಾಉದ್ದೀನ ಬಿಜಾಪುರದ ಒಬ್ಬ ವಕೀಲರ ಹತ್ತಿರ ಟೈಪಿಸ್ಟ್ ಆಗಿದ್ದ. ವಯಸ್ಸು ನಲವತ್ತಾರು. ಗಾಂಧಿ ಚೌಕದ ಹಿಂದೆ, ಬಟ್ಟೆಯಂಗಡಿಯೊಂದರ ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದ. ಏನು ಬರೆದರೂ ಕೆಳಗೆ ಕಾರ್ಬನ್ ಇಟ್ಟು ಎರಡು ಪ್ರತಿ ತೆಗೆಯುವುದು ಅವನ ರೂಢಿ. ಕಿರಾಣಿ ಚೀಟಿಗೂ ಅವನ ಹತ್ತಿರ ಎರಡನೆಯ ಪ್ರತಿ ಇರುತ್ತಿತ್ತು. ಬಾಗಿಲಿಗೆ ಕೀಲಿ ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ, ಕೀಲಿ ಜಗ್ಗಿ ನೋಡಿ, ಮತ್ತೆ ಇಳಿಯುತ್ತಿದ್ದ. ಕೆಳಗಿನ ಅಂಗಡಿಯವರು ಅವನು ಎರಡನೆಯ ಸಲ ಇಳಿದಾಗ ಮಾತ್ರ ನಮಸ್ಕಾರ ಹೇಳುತ್ತಿದ್ದರು.

ಪೆಟ್ರೋಲಿನ ಬೆಲೆ ಏರಿ, ಸ್ಥಿತಿವಂತರೂ ಮೂಲೆಯಲ್ಲಿದ್ದ ಸೈಕಲ್ ಒರೆಸತೊಡಗಿದ ವರ್ಷ ಅದು. ವಕೀಲರು ಮಗಳ ಮನೆಗೆಂದು ಪುಣೆಗೆ ಹೋದವರು ಅಲ್ಲಿಯೇ ಉಳಿದರು. ಹೋಗುವ ಮುಂಚೆ ತಮ್ಮ ಹಳೆಯ ಅಂಬಾಸಿಡರ್ ಕಾರನ್ನು ಅಲ್ಲಾಉದ್ದೀನನಿಗೆ ಒಪ್ಪಿಸಿ, “ವಾರಕ್ಕೊಮ್ಮೆ ನಡಸು. ನಿಂತರ ತುಕ್ಕ ಹಿಡೀತೈತಿ. ಬೇಕಾದ್ರ ನಿನ್ನ ಕೆಲಸಕ್ಕೂ ಒಯ್ಯಿ” ಎಂದಿದ್ದರು. ಅವನು ಪ್ರತಿ ರವಿವಾರ ಸೊಲ್ಲಾಪುರ ರಸ್ತೆಯ ಯಾಕೂಬ ಮಿಸ್ತ್ರಿಯ ಗ್ಯಾರೇಜಿನವರೆಗೆ ಹೋಗಿ ತಿರುಗಿ ಬರುತ್ತಿದ್ದ. ಪಕ್ಕದ ಸೀಟಿನಲ್ಲಿ ಅವನ ಛತ್ರಿ ಕುಳಿತಿರುತ್ತಿತ್ತು. ಕಾರು ಯಾರದೆಂದು ಯಾರೂ ಕೇಳಲಿಲ್ಲ. ಕೇಳದ್ದರಿಂದ ಅವನು ಹೇಳಲಿಲ್ಲ. ಅವನು ಜೀವನದಲ್ಲಿ ಮಾಡಿದ ಒಂದೇ ಒಂದು ಬಡಾಯಿ ಇದು. ಅದನ್ನೂ ಬಾಯಿ ಮುಚ್ಚಿಕೊಂಡೇ ಮಾಡಿದ.

ಹೀಗಿರುವಾಗ ಟಿಕೋಟಾದ ಆಚೆಯ ಬಿಜ್ಜರಗಿಯಿಂದ ಒಂದು ಕಾರ್ಡು ಬಂತು. ಅವನ ಚಿಕ್ಕಪ್ಪನ ಮಗಳು ರಾಜಬಿ ಬರೆಸಿದ್ದು. ಹದಿನೆಂಟು ವರ್ಷಗಳಲ್ಲಿ ಅದೇ ಮೊದಲು. ಮಗಳು ನಜಮಾಳ ನಿಕಾಹ್ ಗುರುವಾರ, ಮಧ್ಯಾಹ್ನದ ನಮಾಜಿನ ನಂತರ. ವರ ಬಬಲೇಶ್ವರದವನು. ಹೆಣ್ಣನ್ನು ಎತ್ತಿ ಗಾಡಿಯಲ್ಲಿ ಕೂರಿಸಿ ಗಂಡನ ಮನೆಗೆ ಮುಟ್ಟಿಸುವುದು ಸೋದರಮಾವನ ಕೆಲಸ. ರಾಜಬಿಗೆ ಒಡಹುಟ್ಟಿದವರು ಯಾರೂ ಇಲ್ಲ. ಕೊನೆಯ ಸಾಲು ಹೀಗಿತ್ತು: ‘ಗಾಡಿ ತಪ್ಪದೆ ಬರಬೇಕು.’

ಅಲ್ಲಾಉದ್ದೀನ ಕಾರ್ಡನ್ನು ತಿರುವಿ ವಿಳಾಸದ ಕಡೆಯೂ ಹುಡುಕಿದ. ‘ನೀನೂ ಬಾ’ ಎಂದು ಎಲ್ಲಿಯೂ ಇರಲಿಲ್ಲ. ಗಾಡಿ ತಾನಾಗಿ ನಡೆದು ಹೋಗಲಾರದು ಎಂಬ ಕಾನೂನಿನ ಆಧಾರದ ಮೇಲೆ ಅವನು ಹೊರಡುವುದೆಂದು ತೀರ್ಮಾನಿಸಿದ.

ಗುರುವಾರ ಬೆಳಿಗ್ಗೆ ಹೊಸ ಟೊಪ್ಪಿಗೆ, ಇಸ್ತ್ರಿ ಮಾಡಿದ ಅಂಗಿ. ಬಿಜಾಪುರ ದಾಟಿದ ಮೇಲೆ, ರಾಜಬಿ ಎದುರಾದಾಗ ಮೊದಲು ಏನೆನ್ನಬೇಕು ಎಂಬುದನ್ನು ಅವನು ಅಭ್ಯಾಸ ಮಾಡತೊಡಗಿದ. ಖಾಲಿ ಸೀಟಿನ ಕಡೆ ಹೊರಳಿ, “ಹೆಂಗಿದ್ದೀಯವ್ವಾ ರಾಜಬಿ?” ಎಂದ. ತೀರ ಕಚೇರಿಯ ಮಾತಿನಂತೆ ಕೇಳಿಸಿತು. ನಕ್ಕು, ಇನ್ನೊಮ್ಮೆ, “ಏನವ್ವಾ ರಾಜಬಿ, ಗುರ್ತ ಸಿಕ್ಕಿತೋ ಇಲ್ಲೋ?” ಎಂದ. ಇದು ಚೆನ್ನಾಗಿತ್ತು. ಒಂದು ಎತ್ತಿನ ಚಕ್ಕಡಿಯನ್ನು ದಾಟಿ ಮೂರನೆಯ ಸಲ ಇನ್ನೂ ಚೆನ್ನಾಗಿ ಹೊರಳಿದಾಗ, ಟಿಕೋಟಾ ಇನ್ನು ಎರಡು ಕಿಲೋಮೀಟರ್ ಇರುವಲ್ಲಿ, ಕಾರಿನ ಎಡಗಡೆಯ ಮುಂದಿನ ಗಾಲಿ ಧಡ್ ಎಂದು ಒಂದು ತಗ್ಗಿನೊಳಕ್ಕೆ ಹೋಗಿ ಇನ್ನೊಂದು ಧಡ್ ಎಂದು ಮೇಲೆ ಬಂತು. ಛತ್ರಿ ಕೆಳಗೆ ಬಿತ್ತು.

ಅವನು ಇಳಿದು ಗಾಲಿಯ ಮುಂದೆ ಕುಕ್ಕರಿಸಿದ. ಟೈರಿನ ಮಗ್ಗುಲಲ್ಲಿ ಒಂದು ಉಬ್ಬು ಕೈಗೆ ಹತ್ತಿದಂತಾಯಿತು. ಖಾತ್ರಿಗಾಗಿ ಉಳಿದ ಮೂರು ಟೈರುಗಳನ್ನೂ ಸವರಿದ. ಅವುಗಳಲ್ಲಿಯೂ ಅಂಥದೇ ಉಬ್ಬುಗಳಿದ್ದವು. ಅಂದರೆ ನಾಲ್ಕೂ ಸರಿಯಾಗಿವೆಯೋ, ನಾಲ್ಕೂ ಕೆಟ್ಟಿವೆಯೋ ತಿಳಿಯಲಿಲ್ಲ. ರಿಮ್ಮಿನ ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಕಡೆ ಒಳಗೆ ಮಡಚಿತ್ತು. ಇದು ಈಗ ಆದದ್ದೋ, ಮೊದಲೇ ಇದ್ದದ್ದೋ? ನಿನ್ನೆಯೇ ನೋಡಿಟ್ಟಿದ್ದರೆ ಇಂದು ಹೋಲಿಸಬಹುದಾಗಿತ್ತು. ಗಾಲಿಗೆ ಮಾತ್ರ ತಾನು ಎರಡನೆಯ ಪ್ರತಿ ತೆಗೆದಿಟ್ಟಿಲ್ಲ ಎಂದು ಅವನಿಗೆ ಬಹಳ ಕೆಡುಕೆನಿಸಿತು.

ಯಾಕೂಬ ಮಿಸ್ತ್ರಿ ಒಮ್ಮೆ ಹೇಳಿದ್ದು ನೆನಪಾಯಿತು. “ನೋಡ್ರಿ ಸಾಹೇಬ್ರ, ಗಾಲಿ ತಗ್ಗಿಗೆ ಬಿದ್ದ ಮ್ಯಾಲ ಮೂರು ನೋಡಬೇಕು. ಟೈರ್ ಉಬ್ಬೈತೇನು, ರಿಮ್ ಮಡಚೈತೇನು, ಓಡೂವಾಗ ಗಾಲಿ ಓಲಾಡತೈತೇನು. ಮೊದಲಿನ ಎರಡು ಒಬ್ಬರ ನೋಡಬಹುದು. ಮೂರನೇದಕ್ಕ ಇಬ್ಬರ ಬೇಕು. ಒಬ್ಬರು ನಡಸಬೇಕು, ಒಬ್ಬರು ರಸ್ತೇದಾಗ ನಿಂತು ನೋಡಬೇಕು. ಓಲಾಡೂ ಗಾಡ್ಯಾಗ ಹೆಣ್ಮಕ್ಕಳನ್ನ ಕೂಡಸಬ್ಯಾಡ್ರಿ ಮತ್ತ. ಮನಿಯಾಗ ಯಾರಿಗರ ಹೇಳ್ರಿ, ಒಂದ ನಿಮಿಷದ ಕೆಲಸ.”

ಒಂದು ನಿಮಿಷದ ಕೆಲಸ. ಗಾಲಿಯನ್ನು ಜಾಕಿನಿಂದ ಎತ್ತಿ ಕೈಯಿಂದ ತಿರುಗಿಸಿಯೂ ನೋಡಬಹುದಾಗಿತ್ತು. ಆದರೆ ಜಾಕು ಡಿಕ್ಕಿಯಲ್ಲಿತ್ತು, ಡಿಕ್ಕಿಯ ಕೀಲಿ ಪುಣೆಯಲ್ಲಿತ್ತು. ರಸ್ತೆಯ ಆಚೆ ಕುರಿಗಳು ಮೇಯುತ್ತಿದ್ದವು. ಕುರಿ ಕಾಯುವವನು ದೂರದ ಬೇವಿನ ಮರದ ಕೆಳಗೆ ಮಲಗಿದ್ದ. ಮಲಗಿದವರನ್ನು ಗಾಲಿಗಾಗಿ ಎಬ್ಬಿಸುವುದು ಸರಿಯೇ ಎಂದು ಹತ್ತು ನಿಮಿಷ ಯೋಚಿಸಿ, ಸರಿಯಲ್ಲವೆಂದು ಬಿಟ್ಟ.

ಕೊನೆಗೆ ನಡೆಸುವವನೂ ತಾನೇ, ನೋಡುವವನೂ ತಾನೇ ಆಗುವುದೆಂದು ನಿಶ್ಚಯಿಸಿದ. ಆ ಕಾರಿನ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚಿನಂತಿತ್ತು. ಮೊದಲ ಗೇರಿನಲ್ಲಿ ಕಾರನ್ನು ಬಿಟ್ಟು, ಬಲಗಾಲನ್ನು ಪೆಡಲಿನ ಮೇಲೆ, ಬಲಗೈಯನ್ನು ಸ್ಟೇರಿಂಗಿನ ಮೇಲೆ ಇಟ್ಟು, ಉಳಿದ ಶರೀರವನ್ನೆಲ್ಲ ಎಡಕ್ಕೆ ಚಾಚಿ, ಎಡಗಡೆಯ ಕಿಟಕಿಯಿಂದ ತಲೆ ಹೊರಹಾಕಿ ಕೆಳಗೆ ನೋಡುತ್ತ ಹೊರಟ. ಗಾಲಿಯ ಮೇಲಿನ ತಗಡು ಕಾಣುತ್ತಿತ್ತು. ಗಾಲಿ ಕಾಣುತ್ತಿರಲಿಲ್ಲ. ಅವನು ಆಗಲೇ ದಾಟಿ ಬಂದಿದ್ದ ಚಕ್ಕಡಿ, ಟಿಕೋಟಾದ ಧೂಳಪ್ಪ ಎಂಬವನದು, ಈಗ ಅವನನ್ನು ದಾಟಿತು.

ಧೂಳಪ್ಪ ಎತ್ತುಗಳನ್ನು ಹಿಡಿದು ನಿಲ್ಲಿಸಿದ. ನಡೆಸುವವರಿಲ್ಲದ ಕಾರು, ಕಿಟಕಿಯಲ್ಲೊಂದು ಟೊಪ್ಪಿಗೆಯ ತಲೆ, ಆ ತಲೆಯ ಕಣ್ಣೆಲ್ಲ ನೆಲದ ಮೇಲೆ.

“ಏನ್ ಕಳೀತ್ರೀ ಸಾಹೇಬ್ರ?”

“ಏನೂ ಕಳದಿಲ್ಲಪಾ. ನೀ ಒಂದೀಟು ಇಳದು ನಿಂತು ಈ ಗಾಲಿ ನೋಡತೀಯೇನು? ಮದಿವಿ ಗಾಡಿ ಐತಿ.”

“ಮದಿವಿ ಗಾಡಿ?”

“ಹೌದು. ಬಿಜ್ಜರಗಿಗೆ ಹೊಂಟೇನಿ.”

“ಮತ್ತ ಏನೂ ಕಳದಿಲ್ಲ?”

“ಏನೂ ಇಲ್ಲಪಾ.”

“ಆತ ಬಿಡ್ರಿ,” ಎಂದು ಧೂಳಪ್ಪ ದನಿ ತಗ್ಗಿಸಿದ. “ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ.” ಹಾಗೆಂದು ಎತ್ತುಗಳ ಬಾಲ ತಿರುವಿ, ಟಿಕೋಟಾದವರೆಗೆ ಓಡಿಸಿಕೊಂಡು ಹೋಗಿ, ಎಲ್ಲರಿಗೂ ಹೇಳಿದ.

ಅವನನ್ನು ಬೈಯುವಂತಿಲ್ಲ. ದಾರಿಯಲ್ಲಿ ಬಂಗಾರ ಕಳೆದುಕೊಂಡವನು ಯಾರು ಕೇಳಿದರೂ ಮೊದಲು ಹೇಳುವ ಮಾತೇ ‘ಏನೂ ಕಳೆದಿಲ್ಲ’ ಎಂದು. ಕಳೆದದ್ದು ಏನೆಂದು ಹೇಳಿದರೆ ಸಿಕ್ಕವನು ಕೊಡುವುದಿಲ್ಲ. ಮದುವೆ, ಹೊಸ ಟೊಪ್ಪಿಗೆ, ಬಾಡಿದ ಮುಖ, ನೆಲದ ಮೇಲಿನ ಕಣ್ಣು: ಇಷ್ಟನ್ನು ಕೂಡಿಸಿದರೆ ಯಾರಿಗಾದರೂ ಬಂಗಾರವೇ ಬರುತ್ತಿತ್ತು.

ಕಾರು ತೆವಳುತ್ತ ಟಿಕೋಟಾದ ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಪರಸವ್ವನ ಚಹಾದಂಗಡಿಯ ಮುಂದೆ ಮೂವತ್ತು ಜನ ಸೇರಿದ್ದರು. ಪರಸವ್ವ ಒಲೆಯ ಹಿಂದಿನಿಂದಲೇ ಒಮ್ಮೆ ಅಲ್ಲಾಉದ್ದೀನನನ್ನು ನೋಡಿ, “ಬೋರಮಾಳ ಸರ ಇರಬೇಕು” ಎಂದು ತೀರ್ಪು ಕೊಟ್ಟಳು. “ಉಂಗುರಾದ್ರ ಮಾರಿ ಇಷ್ಟ ಸಣ್ಣದಾಗತಿದ್ದಿಲ್ಲ.”

“ಯವ್ವಾ, ಸರಾ ಇಲ್ಲ ಗಿರಾ ಇಲ್ಲ,” ಎಂದ ಅಲ್ಲಾಉದ್ದೀನ. “ನೀನರ ಒಂದ ಗಳಿಗಿ ಹೊರಗ ಬಂದು ಗಾಲಿ ನೋಡು. ನಾ ಆ ಗಿಡದ ತನಕ ನಡಸತೇನಿ, ಅಷ್ಟ.”

“ಗಾಲ್ಯಾಗ ಸಿಕ್ಕೊಂಡೈತಿ ಅಂತೀರೇನು? ಲೇ, ನೋಡ್ರಲೇ ಗಾಲ್ಯಾಗ!”

ನಾಲ್ಕು ಜನ ಕಾರಿನ ಕೆಳಗೆ ಮಲಗಿ ಟೈರಿನ ಗೀರುಗಳಲ್ಲಿ ಕಡ್ಡಿ ಆಡಿಸಿದರು. ಬೆಳಗಿನಿಂದ ಅವನು ಬೇಡುತ್ತಿದ್ದುದು ಇದನ್ನೇ, ಆದರೆ ಹೀಗಲ್ಲ.

“ನಿಂತ ಗಾಲಿ ಅಲ್ರೋ! ಓಡೂ ಗಾಲಿ ನೋಡಬೇಕು!”

“ಓಡಿದ್ರ ಬೀಳತೈತಲ್ರಿ,” ಎಂದು ಕೆಳಗಿನಿಂದ ಉತ್ತರ ಬಂತು. “ಬುದ್ಧಿ ಕೆಟ್ಟೈತಿ ಪಾಪ, ಸಂಕಟಕ್ಕ.”

ಧೂಳಪ್ಪ ತಗ್ಗಿನ ಜಾಗ ತೋರಿಸುವೆನೆಂದು ಮುಂದೆ ಹೊರಟ. ಹಿಂದೆ ಜನ, ಅವರ ಹಿಂದೆ ಕಾರು. ಬಿಟ್ಟು ಮುಂದೆ ಹೋಗೋಣವೆಂದರೆ, ತನ್ನ ಸಲುವಾಗಿ ಇಷ್ಟು ಜನ ಬಿಸಿಲಲ್ಲಿ ಹೊರಟಿರುವಾಗ ತಾನು ಬೇರೆ ಕಡೆ ಹೋಗುವುದು ಅಲ್ಲಾಉದ್ದೀನನಿಗೆ ಮರ್ಯಾದೆ ಎನಿಸಲಿಲ್ಲ. ತಗ್ಗಿನ ಸುತ್ತ ಅರವತ್ತು ಜನ ಕುಳಿತು ಮಣ್ಣು ಕೆದರಿದರು, ಕಲ್ಲು ಕಿತ್ತರು, ಸಲಿಕೆ ತರಿಸಿದರು. ಅವನು ಒಬ್ಬೊಬ್ಬರ ಬಳಿಗೂ ಹೋಗಿ, ಒಂದು ನಿಮಿಷ ನಿಂತು ಗಾಲಿ ನೋಡಿ ಎಂದು ಕೇಳಿದ. “ತಡೀರಿ ಸಾಹೇಬ್ರ, ನಿಮ್ಮದ ಹುಡುಕಾಕತ್ತೇವಿ” ಎಂದರು ಎಲ್ಲರೂ. ಅವನ ಸಲುವಾಗಿ ಅಷ್ಟೊಂದು ಜನ ಒಟ್ಟಿಗೆ ಸೇರಿದ್ದು ಅವನ ಬದುಕಿನಲ್ಲಿಯೇ ಮೊದಲು. ಅರವತ್ತು ಜನರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

ಸುದ್ದಿ ಕೇಳಿ ಪೊಲೀಸ್ ಜಮಾದಾರ ಶಿವಯೋಗೆಪ್ಪ ಸೈಕಲ್ ಮೇಲೆ ಬಂದ.

“ಏನ್ ಮಾಲು? ಎಷ್ಟ ತೊಲಿ?”

“ಏನೂ ಕಳದಿಲ್ರಿ. ಗಾಲಿ ತಗ್ಗಿಗೆ ಬಿತ್ರಿ.”

“ಜೋಡಿ ಯಾರಿದ್ರು?”

“ಯಾರೂ ಇಲ್ರಿ.”

“ಇದ್ರಲ್ರಿ!” ಎಂದ ಧೂಳಪ್ಪ. “ನನ್ನ ಚಕ್ಕಡಿ ದಾಟಿ ಬರೂವಾಗ ಮಗ್ಗಲಕ ಹೊಳ್ಳಿ ಮಾತಾಡಾಕತ್ತಿದ್ರು. ನಾನ ಕಣ್ಣಾರೆ ನೋಡೇನಿ. ನಕ್ಕೋತ ಮಾತಾಡಾಕತ್ತಿದ್ರು.”

‘ನಕ್ಕೋತ’ ಎಂಬ ಮಾತಿಗೆ ಅರವತ್ತು ತಲೆಗಳೂ ಒಮ್ಮೆಲೇ ಎದ್ದವು.

“ಯಾರಾಕಿ?” ಎಂದ ಜಮಾದಾರ.

“ಛತ್ರಿ ಇತ್ರಿ,” ಎಂದ ಅಲ್ಲಾಉದ್ದೀನ.

“ಛತ್ರಿ ಜೋಡಿ ನಕ್ರಿ?”

“ಛತ್ರಿ ಜೋಡಿ ಅಲ್ರಿ. ತಂಗೀ ಜೋಡಿ. ತಂಗಿ ಇದ್ದಿಲ್ರಿ. ಭೆಟ್ಟಿ ಆದಾಗ ಹೆಂಗ ಮಾತಾಡಬೇಕಂತ... ಭಾಳ ವರ್ಷ ಆಗಿತ್ತಲ್ರಿ... ರೂಢಿ ಮಾಡಾಕತ್ತಿದ್ನಿ.”

ಜಮಾದಾರ ಪೆನ್ಸಿಲಿನಿಂದ ಕಿವಿ ಕೆರೆದುಕೊಂಡ. ಇದನ್ನು ಬರೆದುಕೊಳ್ಳಲು ಅವನ ಪುಸ್ತಕದಲ್ಲಿ ಜಾಗವಿರಲಿಲ್ಲ. ಅಷ್ಟರಲ್ಲಿ ಅರ್ಧ ಜನ, ಬಂಗಾರ ಕೊರಳಲ್ಲಿ ಹಾಕಿಕೊಂಡು ಕಾರಿನಿಂದ ಜಿಗಿದು ಓಡಿದ ಹೆಂಗಸನ್ನು ಹುಡುಕಲು ಜೋಳದ ಹೊಲಕ್ಕೆ ನುಗ್ಗಿದ್ದರು.

“ಏನೂ ಕಳದಿಲ್ಲ ಅಂತ ಬರದಕೊಡ್ರಿ, ಸಾಕು,” ಎಂದ ಜಮಾದಾರ ಬೇಸತ್ತು.

ಬರೆಯುವುದು ಅಲ್ಲಾಉದ್ದೀನನಿಗೆ ಬರುತ್ತಿದ್ದ ಕೆಲಸ. ಚೀಲದಿಂದ ಎರಡು ಹಾಳೆ ತೆಗೆದು, ನಡುವೆ ಕಾರ್ಬನ್ ಇಟ್ಟು, ಕಾರಿನ ಬಾನೆಟ್ಟಿನ ಮೇಲೆ ಬರೆದ. ಜಮಾದಾರ ಅದನ್ನು ಎಲ್ಲರೂ ಕೇಳುವಂತೆ ಓದಿದ: “‘ಪ್ರಯಾಣದ ಕಾಲಕ್ಕೆ ನನ್ನ ಜೊತೆ ಯಾರೂ ಇರಲಿಲ್ಲ. ಮೊದಲಿನಿಂದಲೂ ಯಾರೂ ಇಲ್ಲ. ಕಳೆದುಕೊಳ್ಳುವಂಥದ್ದು ನನ್ನ ಬಳಿ ಏನೂ ಇರಲಿಲ್ಲ ಎಂದು ಬುದ್ಧಿಪೂರ್ವಕವಾಗಿ ಬರೆದುಕೊಟ್ಟಿರುತ್ತೇನೆ.’”

ಸಲಿಕೆಯ ಸದ್ದು ನಿಂತಿತು. ಪರಸವ್ವ ತಾನು ತಂದಿದ್ದ ಕಿಟ್ಲಿಯಿಂದ ಒಂದು ಕಪ್ಪು ಚಹಾ ಸುರಿದು ಅವನ ಮುಂದೆ ಹಿಡಿದಳು.

“ಕುಡೀರಿ. ಇಷ್ಟ ಚೊಲೋ ಬರೀತೀರಿ. ಮನಿಯಾಗ ಓದಾಕ ಯಾರೂ ಇಲ್ಲೇನ್ರಿ?”

“ಒಂದ ಪ್ರತಿ ನನ್ನ ಹತ್ರನ ಇರತೈತ್ರಿ,” ಎಂದ ಅಲ್ಲಾಉದ್ದೀನ.

ಆಮೇಲೆ ಸಲಿಕೆ ಮತ್ತೆ ಶುರುವಾಯಿತು.

ಅವನು ಬಿಜ್ಜರಗಿ ಮುಟ್ಟಿದಾಗ ಮಧ್ಯಾಹ್ನ ಮೂರು ದಾಟಿತ್ತು. ನಿಕಾಹ್ ಮುಗಿದಿತ್ತು, ಖರ್ಜೂರ ಹಂಚಿ ಆಗಿತ್ತು, ಊಟದ ಎರಡನೆಯ ಪಂಕ್ತಿ ನಡೆದಿತ್ತು. ಅವನಿಗಿಂತ ಮೊದಲು ಟಿಕೋಟಾದ ಸೈಕಲ್ಲೊಂದು ಬಂದು ಸುದ್ದಿ ಹೇಳಿ ಊಟವನ್ನೂ ಮಾಡಿ ಹೋಗಿತ್ತು. ಆ ಸುದ್ದಿಯ ಪ್ರಕಾರ ಸೋದರಮಾವ ಹೆಣ್ಣಿಗೆಂದು ತರುತ್ತಿದ್ದ ಐದು ತೊಲೆಯ ಬೋರಮಾಳ ದಾರಿಯಲ್ಲಿ ಹೋಗಿತ್ತು.

ಕಾರು ನಿಲ್ಲುವಷ್ಟರಲ್ಲಿ ರಾಜಬಿ ಓಡಿಬಂದು ಬಾಗಿಲು ಹಿಡಿದುಕೊಂಡಳು. “ಅಣ್ಣಾ! ನಮ್ಮಣ್ಣಾ! ನನ್ನ ಮಗಳಿಗಂತ ಇಷ್ಟೆಲ್ಲಾ ಮಾಡಾಕ ಹೋಗಿದ್ದೆಲ್ಲೋ ನಮ್ಮಣ್ಣಾ!” ಬಬಲೇಶ್ವರದ ಬೀಗರೆಲ್ಲ ಕೇಳುವಷ್ಟು ಗಟ್ಟಿಯಾಗಿ ಅತ್ತಳು.

ಅಲ್ಲಾಉದ್ದೀನ ಬೆಳಗಿನಿಂದ ಸಿದ್ಧ ಮಾಡಿಕೊಂಡಿದ್ದ ಮಾತು ಹೊರಡಲಿಲ್ಲ. “ರಾಜಬಿ, ಬಂಗಾರ ಇದ್ದಿಲ್ಲವ್ವಾ,” ಎಂದ.

“ಹೋದದ್ದರ ಹೆಸರ ತಗೀಬ್ಯಾಡಣ್ಣಾ!” ಎಂದು ಅವಳು ಇನ್ನೂ ಗಟ್ಟಿಯಾಗಿ ಅತ್ತಳು.

ವರನ ತಂದೆ ಕಾಸಿಮಸಾಬ ಗಡ್ಡ ಸವರುತ್ತ ಬಂದ. “ಎಷ್ಟ ತೊಲಿದಿತ್ರಿ ಬೀಗರ?” ಅಲ್ಲಾಉದ್ದೀನ ಕಾರ್ಬನ್ ಪ್ರತಿಯನ್ನು ಅವನ ಕೈಗೆ ಕೊಟ್ಟ. ಕಾಸಿಮಸಾಬ ಎರಡು ಸಲ ಓದಿ, ಮಡಚಿ, ಹಿಂದಕ್ಕೆ ಕೊಟ್ಟು, ತನ್ನವರ ಕಡೆ ಹೊರಳಿದ. “ನೋಡ್ರಿ, ದೊಡ್ಡ ಮನಿತನ ಅಂದ್ರ ಇದು. ಐದ ತೊಲಿ ಹೋದ್ರೂ, ನನ್ನ ಹತ್ರ ಏನೂ ಇದ್ದಿಲ್ಲ ಅಂತ ಪೊಲೀಸರಿಗೆ ಬರದಕೊಟ್ಟಾನ!”

ಸುಳ್ಳೆಂದು ಹೇಳಿದಷ್ಟೂ ಅವನ ಬೆಲೆ ಏರಿತು. ಅವನನ್ನು ಚಾಪೆಯ ಮೇಲೆ ಕೂರಿಸಿ ಗಾಳಿ ಬೀಸಿದರು. ಆದರೆ ಅವನು ಊಟಕ್ಕೆ ಕೂರಲಿಲ್ಲ.

“ಗಾಲಿ ಖಾತ್ರಿ ಆಗೂತನಕ ನಾ ಹುಡುಗೀನ ಗಾಡ್ಯಾಗ ಕೂಡಸೂದಿಲ್ರಿ. ಯಾರರ ಒಬ್ಬರು ಬಂದು ನೋಡ್ರಿ. ಒಂದ ನಿಮಿಷದ ಕೆಲಸ.”

“ಆತ ಆತ, ಊಟ ಆಗ್ಲಿ,” ಎಂದರು ಕೆಲವರು. “ಗಾಲಿ ಎಲ್ಲಿ ಹೋಗತೈತ್ರಿ?” ಎಂದರು ಕೆಲವರು. ಅವನು ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಕೇಳುತ್ತ ನಡೆದ. ಎಲ್ಲರೂ ತಟ್ಟೆಯಿಂದ ಅವನನ್ನು ಮೇಲೆ ನೋಡಿ, ಕನಿಕರಪಟ್ಟು, ಮತ್ತೆ ತಟ್ಟೆ ನೋಡಿದರು.

ಕಡೆಗೆ ಗೋಡೆಯ ನೆರಳಿನಿಂದ ಒಬ್ಬ ಮುದುಕಿ ಕೋಲೂರಿ ಎದ್ದಳು. ಕಾಸಿಮಸಾಬನ ತಾಯಿ ಹಾಜಿರಾಬಿ. “ನಾ ನೋಡತೇನಿ ನಡಿ, ತಮ್ಮಾ. ಎಲ್ಲಿ ಕೂಡಲಿ ಹೇಳು.”

ಅವನು ಅವಳನ್ನು ಕೈಹಿಡಿದು ರಸ್ತೆಯ ಮಗ್ಗುಲಿನ ಕಲ್ಲಿನ ಮೇಲೆ ಕೂರಿಸಿದ. ಎಡಗಡೆಯ ಮುಂದಿನ ಗಾಲಿ ಯಾವುದೆಂದು ಎರಡು ಸಲ ಮುಟ್ಟಿ ತೋರಿಸಿದ. ಆಮೇಲೆ ಬೇವಿನ ಮರದಿಂದ ಬಾವಿಯವರೆಗೆ ಮೂರು ಸಲ ಅವಳ ಮುಂದೆ ಕಾರನ್ನು ನಡೆಸಿದ: ಮೊದಲು ನಿಧಾನ, ಆಮೇಲೆ ಸ್ವಲ್ಪ ಜೋರು, ಆಮೇಲೆ ಇನ್ನೂ ಸ್ವಲ್ಪ ಜೋರು. ಪ್ರತಿ ಸಲವೂ ಮುದುಕಿ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕುಳಿತು, ಮುಖವನ್ನು ಕಾರಿನೊಂದಿಗೆ ಆ ಕಡೆಯಿಂದ ಈ ಕಡೆಗೆ ಹೊರಳಿಸಿದಳು.

“ಓಲಾಡತೈತೇನ್ ಅಮ್ಮಾ?”

“ಎಲ್ಲಿ ಓಲಾಟ? ಚೊಲೋ ನಡದೈತಿ. ಹುಡುಗೀನ ಕರಕೊಂಡ ಬಾ.”

ಅಲ್ಲಾಉದ್ದೀನ ಆಮೇಲೆ ಊಟ ಮಾಡಿದ. ಎರಡು ಸಲ ಹಾಕಿಸಿಕೊಂಡ ಎಂದು ಬಡಿಸಿದವರು ಹೇಳುತ್ತಾರೆ. ಹೊತ್ತು ಇಳಿಯುವ ಮೊದಲು ನಜಮಾಳನ್ನು ಎತ್ತಿ ಹಿಂದಿನ ಸೀಟಿನಲ್ಲಿ, ವರನ ಮಗ್ಗುಲಲ್ಲಿ ಕೂರಿಸಿದ. ಎತ್ತುವಾಗ ಮುಸುಕಿನೊಳಗಿನಿಂದ ಹುಡುಗಿ ಪಿಸುಗುಟ್ಟಿದಳು: “ಮಾಮೂ, ಖರೇನ ಬಂಗಾರ ಇದ್ದಿಲ್ಲೇನು?”

“ಇದ್ದಿಲ್ಲವ್ವಾ.”

“ಹಂಗಾದ್ರ ನಮ್ಮವ್ವನ ಮುಂದ ಹೇಳಬ್ಯಾಡ್ರಿ. ಸುದ್ದಿ ಬಂದಾಗಿಂದ ನಮ್ಮಣ್ಣ ನಮ್ಮಣ್ಣ ಅಂತಾಳ.”

ಮುಂದಿನ ಸೀಟಿನಲ್ಲಿ, ಛತ್ರಿಯ ಜಾಗದಲ್ಲಿ, ಹಾಜಿರಾಬಿ ಕುಳಿತಳು. ಛತ್ರಿ ಅವಳ ತೊಡೆಯ ಮೇಲಿತ್ತು. ಬಬಲೇಶ್ವರದವರೆಗೂ ಅವಳು ಮಾತಾಡಿದಳು: ಸೊಸೆಯರ ಬಗ್ಗೆ, ಮಂಡಿನೋವಿನ ಬಗ್ಗೆ, ತನ್ನ ಮದುವೆಯ ದಿನ ಎತ್ತು ಕೂತುಬಿಟ್ಟ ಬಗ್ಗೆ. ಮಾತಿನ ನಡುನಡುವೆ “ಹೌದಿಲ್ಲೋ ತಮ್ಮಾ?” ಎನ್ನುತ್ತಿದ್ದಳು. ಅಲ್ಲಾಉದ್ದೀನ ರಸ್ತೆಯಿಂದ ಕಣ್ಣು ತೆಗೆಯದೆ “ಹೌದಮ್ಮಾ” ಎನ್ನುತ್ತಿದ್ದ. ಒಂದು ತಗ್ಗಿಗೂ ಬೀಳಲಿಲ್ಲ.

ಬಬಲೇಶ್ವರದಲ್ಲಿ ವರನ ಮನೆಯ ಮುಂದೆ ಹುಡುಗಿಯನ್ನು ಇಳಿಸಿ ಒಳಗೆ ಕರೆದುಕೊಂಡು ಹೋದರು. ಎಲ್ಲರೂ ಅವಳ ಹಿಂದೆ ಹೋದರು. ಹಾಜಿರಾಬಿ ಒಬ್ಬಳೇ ಕಾರಿನಲ್ಲಿ ಉಳಿದು, ಗಾಳಿಯಲ್ಲಿ ಕೈ ಆಡಿಸಿದಳು.

“ತಮ್ಮಾ, ಕೈ ಹಿಡದ ಇಳಸು. ಸಂಜೀ ಆತಂದ್ರ ನನಗ ಎದರಿನ ಗ್ವಾಡಿ ಸೈತ ಕಾಣೂದಿಲ್ಲ.”

“ಹಗಲಿ ಕಾಣತೈತಲ್ಲಮ್ಮಾ?”

“ಹಗಲೀನೂ ಅಷ್ಟ ಐತಿ. ಮೂರ ವರ್ಷ ಆತು, ಎರಡೂ ಕಣ್ಣಾಗ ಪೊರಿ ಬಂದು.”

ಅಲ್ಲಾಉದ್ದೀನನ ಕೈ ಅವಳ ಕೈಯಲ್ಲೇ ನಿಂತಿತು. “ಮತ್ತ ಗಾಲಿ? ಗಾಲಿ ನೋಡಿದ್ಯಲ್ಲಮ್ಮಾ, ಮೂರ ಸರ್ತಿ?”

“ಏನ್ ಮಾಡ್ಲಿ ತಮ್ಮಾ? ಯಾರರ ಒಬ್ಬರು ಬರ್ರಿ, ಯಾರರ ಒಬ್ಬರು ಬರ್ರಿ ಅಂತ ಎಷ್ಟೊತ್ತು ಒದರಾಕತ್ತಿದ್ದಿ. ಅಷ್ಟ ಜನದಾಗ ಒಬ್ಬರೂ ಏಳಲಿಲ್ಲ. ಕೇಳಾಕ ಆಗಲಿಲ್ಲ ನನಗ. ಅದಕ್ಕ ಬಂದು ಕುಂತ್ನಿ.”

ಅವನು ಅವಳನ್ನು ಇಳಿಸಿ, ಹೊಸ್ತಿಲು ದಾಟಿಸಿ, ಕೋಲು ಕೈಗೆ ಕೊಟ್ಟು ಬಂದ. ಬಬಲೇಶ್ವರದಿಂದ ಬಿಜಾಪುರಕ್ಕೆ ಒಬ್ಬನೇ ಹೊರಟಾಗ ಇನ್ನೂ ಸ್ವಲ್ಪ ಬೆಳಕಿತ್ತು. ಛತ್ರಿ ತನ್ನ ಜಾಗಕ್ಕೆ ಬಂದಿತ್ತು.

ಇಲ್ಲಿಂದ ಮುಂದೆ ಖಚಿತವಾಗಿ ಹೇಳುವುದು ಕಷ್ಟ. ಟಿಕೋಟಾದ ತಗ್ಗು ಹುಡುಕಿದವರ ಕೈಯಲ್ಲಿ ಎರಡರಷ್ಟು ದೊಡ್ಡದಾಯಿತು, ಇದು ನಿಜ. ಎಂಟು ತಿಂಗಳ ನಂತರ ವಕೀಲರ ಅಳಿಯ ಬಂದು ಕಾರನ್ನು ಪುಣೆಗೆ ಒಯ್ದ, ಇದೂ ನಿಜ. ಆ ವಾರ ಅಲ್ಲಾಉದ್ದೀನ ಬಿಜ್ಜರಗಿಗೆ ಒಂದು ಕಾರ್ಡು ಬರೆದ. ಅದರ ಎರಡನೆಯ ಪ್ರತಿ ಅವನ ಟ್ರಂಕಿನಲ್ಲಿದೆ: ‘ಗಾಡಿ ಹೋಯಿತು. ಅದು ನನ್ನದಾಗಿರಲಿಲ್ಲ. ಬಂಗಾರವೂ ಇರಲಿಲ್ಲ. ನಾನು ಇಲ್ಲಿಯೇ ಇದ್ದೇನೆ.’

ಮೊದಲನೆಯ ಪ್ರತಿಯನ್ನು ಅವನು ಟಪಾಲು ಡಬ್ಬಿಗೆ ಹಾಕಿದನೋ, ಹಾಕಿದ್ದರೆ ರಾಜಬಿ ಯಾರಿಂದಾದರೂ ಓದಿಸಿಕೊಂಡಳೋ, ಓದಿಸಿಕೊಂಡು ಏನೆಂದಳೋ ಗೊತ್ತಿಲ್ಲ. ಎಡಗಡೆಯ ಮುಂದಿನ ಗಾಲಿ ಓಲಾಡುತ್ತಿತ್ತೋ ಇಲ್ಲವೋ ಎಂಬುದೂ ಗೊತ್ತಿಲ್ಲ. ಅದನ್ನು ಯಾರೂ ನೋಡಲೇ ಇಲ್ಲ.